ನಿಂತಾಗ ಮನೆ, ಹೊರಟಾಗ ಹೊರೆ

ಎಳೆದೊಯ್ಯುವ ಕ್ಯಾಂಪರ್‌ನೊಳಗೆ ಮನುಷ್ಯರಾಗಲಿ ನಾಯಿ-ಬೆಕ್ಕುಗಳಾಗಲಿ ಏಕೆ ಪ್ರಯಾಣಿಸಬಾರದು? ಹಾಗಾದರೆ ಮಾಡುವುದೇನು?

ಬೇಸಿಗೆ ರಜೆಗೆ ಮಗನ ಮನೆಗೆಂದು ಅಪ್ಪ-ಅಮ್ಮ ಅಮೆರಿಕಕ್ಕೆ ಹೋಗಿದ್ದಾರೆ. ಎಲ್ಲರೂ ಸೇರಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಿ ಬರೋಣವೆಂದು ಮಗ ಒಂದು ಕ್ಯಾಂಪರ್ ಬಾಡಿಗೆಗೆ ತಂದು ತನ್ನ ಪಿಕಪ್‌ನ ಹಿಂದೆ ಕಟ್ಟಿದ್ದಾನೆ. ಅಮ್ಮನಿಗೆ ಮೊಣಕಾಲು ನೋವು. ಎಂಟು ಗಂಟೆ ಕಾಲು ಮಡಚಿ ಸೀಟಿನಲ್ಲಿ ಕೂರುವುದು ಕಷ್ಟ. ಹಿಂದೆ ತಿರುಗಿ ನೋಡಿದರೆ ಮೆತ್ತನೆಯ ಹಾಸಿಗೆ, ಪಕ್ಕದಲ್ಲೇ ಶೌಚಾಲಯ, ಕಿಟಕಿಗೆ ಪರದೆ. ‘ಅಮ್ಮ ಅಲ್ಲೇ ಮಲಗಿಕೊಂಡು ಬರಲಿ, ಮಕ್ಕಳೂ ನಾಯಿಯೂ ಜೊತೆಗಿರಲಿ’ ಎಂದು ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಕೇಳಲು ಅದು ಪ್ರೀತಿಯ ಮಾತು. ಆದರೆ ಆ ಪ್ರವಾಸದಲ್ಲಿ ತೆಗೆದುಕೊಳ್ಳಬಹುದಾದ ಅತ್ಯಂತ ಅಪಾಯದ ತೀರ್ಮಾನವೂ ಅದೇ.

ಈ ಲೇಖನ ಪೂರ್ತಿ ಓದಲು ನಿಮಗೆ ಸಮಯವಿಲ್ಲದಿದ್ದರೆ ಇಷ್ಟನ್ನು ನೆನಪಿಡಿ: ಕ್ಯಾಂಪರ್ ನಿಂತಾಗ ಮನೆ, ಹೊರಟಾಗ ಹೊರೆ. ಹೊರೆಯ ಜಾಗದಲ್ಲಿ ಉಸಿರಾಡುವ ಜೀವ ಇರಬಾರದು.

ಯಾವ ವಾಹನದ ಮಾತು ಇದು?

ಕ್ಯಾರವಾನ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಸಿನಿಮಾ ಚಿತ್ರೀಕರಣದ ವ್ಯಾನು ನೆನಪಾಗುತ್ತದೆ. ಹೊರದೇಶಗಳಲ್ಲಿ ಇದಕ್ಕೆ ಹಲವು ರೂಪಗಳಿವೆ. ಹೆಸರುಗಳು ಒಂದರೊಳಗೊಂದು ಕಲೆತುಹೋಗುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಆದ್ದರಿಂದ ಮೊದಲು ಇದನ್ನು ಬಿಡಿಸಿಕೊಳ್ಳೋಣ.

1. ಮೋಟರ್‌ಹೋಮ್: ಎಂಜಿನ್, ಚಾಲಕನ ಸೀಟು, ಮನೆ ಎಲ್ಲ ಒಂದೇ ವಾಹನದಲ್ಲಿ. ಇದರಲ್ಲಿ ಸೀಟ್‌ಬೆಲ್ಟ್ ಇರುವ ಸೀಟುಗಳಲ್ಲಿ ಕುಳಿತು ಪ್ರಯಾಣಿಸಬಹುದು.
2. ಟ್ರಾವೆಲ್ ಟ್ರೇಲರ್: ಕಾರು ಅಥವಾ ಪಿಕಪ್‌ನ ಹಿಂಬದಿಯ ಕೊಂಡಿಗೆ, ಅಂದರೆ ಹಿಚ್‌ಗೆ, ಸಿಕ್ಕಿಸಿ ಎಳೆಯುವ ಮನೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಇದನ್ನೇ ಕ್ಯಾರವಾನ್ ಎನ್ನುತ್ತಾರೆ. ಮಡಚುವ ಪಾಪ್-ಅಪ್ ಕ್ಯಾಂಪರ್ ಕೂಡ ಇದೇ ಗುಂಪಿನದು.
3. ಫಿಫ್ತ್ ವೀಲ್: ಪಿಕಪ್‌ನ ಹಿಂಬದಿಯ ತೊಟ್ಟಿಯೊಳಗೆ, ಹಿಂಚಕ್ರಗಳ ಅಚ್ಚಿನ ಆಸುಪಾಸಿನಲ್ಲಿ ಕೂರುವ ಕೊಂಡಿಗೆ ಸಿಕ್ಕಿಸುವ ದೊಡ್ಡ ಟ್ರೇಲರ್.

ಈ ಲೇಖನ ಎರಡನೆಯ ಮತ್ತು ಮೂರನೆಯ ಬಗೆಗೆ ಸಂಬಂಧಿಸಿದ್ದು. ಇಲ್ಲಿ ಕ್ಯಾಂಪರ್ ಎಂದಾಗಲೆಲ್ಲ ಇವೆರಡರ ಮಾತೇ.

ಇದರ ಚರಿತ್ರೆ ಚಿಕ್ಕದು. ಡಾಕ್ಟರ್ ಗೋರ್ಡನ್ ಸ್ಟೇಬಲ್ಸ್ ಎಂಬವರು 1885ರಲ್ಲಿ ಬ್ರಿಟನ್ ಸುತ್ತಲು ‘ದಿ ವಾಂಡರರ್’ ಎಂಬ ಕುದುರೆಗಾಡಿ ಮನೆಯನ್ನು ಕಟ್ಟಿಸಿಕೊಂಡರು. ಕುದುರೆ ನಡಿಗೆಯ ವೇಗದಲ್ಲಿ ಒಳಗೆ ಕೂತರೂ ಅಪಾಯ ಕಡಿಮೆ. ಮೋಟಾರು ಬಂದಮೇಲೆ ಅದೇ ಕಲ್ಪನೆ ಗಂಟೆಗೆ 80-90 ಕಿ.ಮೀ. ವೇಗದ ರಸ್ತೆಗೆ ಇಳಿಯಿತು. ಗೋಡೆಗಳು ಮಾತ್ರ ಇಂದಿಗೂ ಮನೆಯ ಗೋಡೆಗಳೇ.

ಅಪಾಯ ಎಲ್ಲಿದೆ? ಆರು ಕಾರಣಗಳು

‘ಬೇಡ’ ಎಂದಷ್ಟೇ ಹೇಳಿದರೆ ಮನೆಯವರು ಒಪ್ಪುವುದಿಲ್ಲ. ಏಕೆ ಬೇಡ ಎಂದು ವಿವರಿಸಿದರೆ ಮುಂದೆ ಅವರೇ ಇನ್ನೊಬ್ಬರನ್ನು ತಡೆಯುತ್ತಾರೆ.

1. ಗೋಡೆ ಇರುವುದು ಗಾಳಿ-ಮಳೆಗೆ, ಡಿಕ್ಕಿಗಲ್ಲ.

ಕಾರಿನಲ್ಲಿ ನಿಮ್ಮ ಸುತ್ತ ಉಕ್ಕಿನ ಪಂಜರವಿದೆ. ಮುಂಭಾಗ ತಾನು ನಜ್ಜುಗುಜ್ಜಾಗಿ ಹೊಡೆತವನ್ನು ನುಂಗುವಂತೆ ಮಾಡಿರುತ್ತಾರೆ. ಬೆಲ್ಟ್ ನಿಮ್ಮನ್ನು ಹಿಡಿದಿಡುತ್ತದೆ, ಏರ್‌ಬ್ಯಾಗ್ ತಲೆಯನ್ನು ಕಾಯುತ್ತದೆ. ಕ್ಯಾಂಪರ್‌ಗೆ ಇವು ಯಾವುವೂ ಇಲ್ಲ. ಕೆಳಗೆ ಉಕ್ಕಿನ ಚೌಕಟ್ಟು ಇರುವುದೇನೋ ಹೌದು. ಅದರ ಮೇಲಿನದೆಲ್ಲ ಮರದ ಅಥವಾ ಅಲ್ಯೂಮಿನಿಯಂ ಪಟ್ಟಿ, ನಡುವೆ ಫೋಮು, ಹೊರಗೆ ತೆಳು ಫೈಬರ್‌ಗ್ಲಾಸ್ ಅಥವಾ ಅಲ್ಯೂಮಿನಿಯಂ ಹಾಳೆ. ಭಾರ ಕಡಿಮೆ ಇದ್ದರೆ ತಾನೇ ಎಳೆಯುವುದು ಸುಲಭ? ಅದಕ್ಕಾಗಿಯೇ ಹಾಗೆ ಕಟ್ಟುತ್ತಾರೆ. ಮಗುಚಿಬಿದ್ದ ಟ್ರೇಲರ್‌ಗಳ ಚಿತ್ರಗಳಲ್ಲಿ ಚಾಸಿ ಒಂದು ಕಡೆ, ಗೋಡೆ-ಸೂರು ಚಕ್ಕೆಚಕ್ಕೆಯಾಗಿ ಇನ್ನೊಂದು ಕಡೆ ಬಿದ್ದಿರುವುದು ಇದೇ ಕಾರಣಕ್ಕೆ.

2. ಒಳಗಿರುವುದೆಲ್ಲ ಹಾರುತ್ತದೆ, ನೀವೂ ಸೇರಿ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದಾಗ ವಾಹನ ಒಮ್ಮೆಲೇ ನಿಂತರೆ, ಬೆಲ್ಟ್ ಇಲ್ಲದ ದೇಹ ಅದೇ 50ರ ವೇಗದಲ್ಲಿ ಎದುರಿನ ಗೋಡೆಗೆ ಬಡಿಯುತ್ತದೆ. ಆ ಹೊಡೆತ ಸುಮಾರು 10 ಮೀಟರ್, ಅಂದರೆ ಮೂರು ಅಂತಸ್ತಿನ ಎತ್ತರದಿಂದ ಬಿದ್ದದ್ದಕ್ಕೆ ಸಮ. 80 ಕಿ.ಮೀ. ವೇಗದಲ್ಲಾದರೆ ಅದು 25 ಮೀಟರ್. ಹಾಸಿಗೆಯಲ್ಲಿ ಮಲಗಿದವರನ್ನು ಹಾಸಿಗೆ ಹಿಡಿದುಕೊಳ್ಳುವುದಿಲ್ಲ. ಊಟದ ಮೇಜಿನ ಬೆಂಚು ಪ್ಲೈವುಡ್ಡಿಗೆ ಸ್ಕ್ರೂ ಹಾಕಿ ಕೂರಿಸಿದ್ದು. ಮೇಲಿನ ಕಪಾಟಿನ ಪಾತ್ರೆ, ಮೈಕ್ರೋವೇವ್, ನೀರಿನ ಕ್ಯಾನು ಎಲ್ಲವೂ ಅದೇ ವೇಗದಲ್ಲಿ ಬಂದು ಅಪ್ಪಳಿಸುತ್ತವೆ.

3. ಹಿಂಭಾರವಾದರೆ ಗಾಡಿ ಹತೋಟಿ ತಪ್ಪುತ್ತದೆ.

ಎತ್ತಿನಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿಂದುಗಡೆ ಮೂಟೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತುಗಳ ಹೆಗಲು ಬಿಟ್ಟು ಗಂಟಲಿಗೆ ಬರುತ್ತದೆ. ಆಗ ಗಾಡಿಯವನು ‘ಹಿಂಭಾರ ಆಯ್ತು, ಮುಂದಕ್ಕೆ ಸರ್ಕೊಳ್ಳಿ’ ಎನ್ನುತ್ತಾನೆ. ಟ್ರೇಲರ್‌ನಲ್ಲೂ ಅದೇ ಲೆಕ್ಕ. ಅದರ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಒತ್ತಬೇಕೆಂಬುದು ಅಮೆರಿಕದಲ್ಲಿ ಬಳಕೆಯಲ್ಲಿರುವ ಸೂತ್ರ. ಫಿಫ್ತ್ ವೀಲ್‌ಗೆ ಇದು ಶೇ. 15ರಿಂದ 25.

ಒಂದು ಉದಾಹರಣೆ ನೋಡಿ. 2,000 ಕಿಲೋ ತೂಕದ ಟ್ರೇಲರ್, ಕೊಂಡಿಯ ಮೇಲೆ 240 ಕಿಲೋ ಭಾರ, ಅಂದರೆ ಶೇ. 12. ಕೊಂಡಿಯಿಂದ ಚಕ್ರದ ಅಚ್ಚಿಗೆ 4.5 ಮೀಟರ್. ಅಚ್ಚಿನಿಂದ 2.25 ಮೀಟರ್ ಹಿಂದಿರುವ ಹಾಸಿಗೆಯಲ್ಲಿ ತಲಾ 70 ಕಿಲೋದ ಇಬ್ಬರು ಮಲಗಿದರೆನ್ನಿ. ಸನ್ನೆಯ ನಿಯಮದಂತೆ ಕೊಂಡಿಯ ಭಾರ 70 ಕಿಲೋ ಇಳಿದು 170 ಆಗುತ್ತದೆ. ಒಟ್ಟು ತೂಕ 2,140ಕ್ಕೆ ಏರಿರುವುದರಿಂದ ಪ್ರಮಾಣ ಶೇ. 8ಕ್ಕಿಂತ ಕೆಳಗೆ ಬಂತು. ಇಬ್ಬರು ಮಲಗಿದ್ದಷ್ಟೇ, ಗಾಡಿ ಸುರಕ್ಷಿತ ಮಿತಿಯಿಂದ ಹೊರಗೆ ಹೋಯಿತು. ಅವರಲ್ಲೊಬ್ಬರು ನೀರು ಕುಡಿಯಲು ಎದ್ದು ಓಡಾಡಿದರೆ ಈ ಲೆಕ್ಕ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ.

4. ಬಾಲದ ಓಲಾಟ.

ಕೊಂಡಿಯ ಮೇಲಿನ ಭಾರ ಸಾಲದಿದ್ದಾಗ, ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದಾಗ, ಅಡ್ಡಗಾಳಿ ಬೀಸಿದಾಗ, ಇಳಿಜಾರಿನಲ್ಲಿ ವೇಗ ಹೆಚ್ಚಿದಾಗ ಟ್ರೇಲರ್ ಹಾವಿನ ಬಾಲದಂತೆ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ವೇಗ ಹೆಚ್ಚಿದಷ್ಟೂ ಓಲಾಟ ತಾನೇ ತಾನಾಗಿ ಬೆಳೆಯುತ್ತದೆ. ಮಿತಿ ಮೀರಿದರೆ ಟ್ರೇಲರ್ ಮಗುಚುತ್ತದೆ, ಇಲ್ಲವೆ ಎಳೆಯುವ ಕಾರನ್ನೇ ತಿರುಗಿಸಿ ಚಾಕು ಮಡಚಿದಂತೆ ಮಡಚುತ್ತದೆ. ಓಲಾಟ ಅತಿ ಹೆಚ್ಚು ಇರುವುದು ಕಟ್ಟಕಡೆಯ ತುದಿಯಲ್ಲಿ. ಬಹಳಷ್ಟು ಟ್ರೇಲರ್‌ಗಳಲ್ಲಿ ಮಕ್ಕಳ ಅಂತಸ್ತಿನ ಹಾಸಿಗೆ ಇರುವುದೂ ಅಲ್ಲೇ.

5. ಕಣ್ಣಿಗೆ ಕಾಣದ ವಿಷ.

ಓಡುವ ವಾಹನದ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಿರುತ್ತದೆ. ಹೊಗೆಕೊಳವೆಯಿಂದ ಬಂದ ಹೊಗೆ ಅಲ್ಲೇ ಸುಳಿದಾಡುತ್ತದೆ. ಕ್ಯಾಂಪರ್ ಇರುವುದೂ ಅದೇ ಜಾಗದಲ್ಲಿ. ಕಿಟಕಿ, ಸೂರಿನ ಗಾಳಿಗಂಡಿ, ನೆಲದ ಬಿರುಕುಗಳ ಮೂಲಕ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ‘ಪ್ರಯಾಣದ ಆಯಾಸ, ನಿದ್ದೆ ಮಾಡಲಿ’ ಎಂದು ಸುಮ್ಮನಾಗುವ ಲಕ್ಷಣಗಳೇ ಇವು. ಇದರ ಜೊತೆಗೆ ಅಡುಗೆ ಅನಿಲದ ಸಿಲಿಂಡರ್, ಅದರ ಕೊಳವೆ, ರಸ್ತೆಯ ಕುಲುಕಾಟ ಇವೂ ಇವೆ.

6. ಚಾಲಕನಿಗೆ ಏನೂ ತಿಳಿಯುವುದಿಲ್ಲ.

ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಚಾಲಕನಿಗೆ ತಿಳಿಯಲು ತಡವಾದ ಪ್ರತಿ ಸೆಕೆಂಡಿಗೂ ಗಾಡಿ ಅಷ್ಟು ದೂರ ಹೋಗಿರುತ್ತದೆ. ಒಳಗೆ ಯಾರಾದರೂ ಬಿದ್ದರೂ, ಕೂಗಿದರೂ, ಬೆಂಕಿ ಹೊತ್ತಿದರೂ ಮುಂದಿರುವವರಿಗೆ ಕೇಳಿಸುವುದಿಲ್ಲ. ಟ್ರೇಲರ್‌ನ ಟೈರು ಸಿಡಿದರೆ ಅದರ ಚೂರುಗಳು ನೆಲವನ್ನೇ ಸೀಳಿ ಒಳಗೆ ಬರುವಷ್ಟು ಬಲವಾಗಿ ಹೊಡೆಯುತ್ತವೆ. ಚಕ್ರದ ಬೇರಿಂಗ್ ಕಾದು ಕೆಂಪಾದರೂ ಹೊಗೆ ಕಾಣುವವರೆಗೆ ಚಾಲಕನಿಗೆ ಗೊತ್ತಾಗುವುದಿಲ್ಲ. ಕೊಂಡಿ ಕಳಚಿ ಬೇರ್ಪಟ್ಟರೆ ತುರ್ತು ತಂತಿ ಎಳೆಯಲ್ಪಟ್ಟು ಟ್ರೇಲರ್‌ನ ಬ್ರೇಕ್ ತಾನಾಗಿ ಹಿಡಿಯುವ ವ್ಯವಸ್ಥೆ ಇದೆ. ಅದು ರಸ್ತೆಯಲ್ಲಿರುವ ಉಳಿದವರನ್ನು ಉಳಿಸಲು. ಆ ಬ್ರೇಕಿಗೆ ಒಳಗಿರುವವರು ಏನಾಗುತ್ತಾರೆಂದು ಎರಡನೆಯ ಕಾರಣದಲ್ಲೇ ನೋಡಿದೆವು.

ಕಾನೂನು ಏನನ್ನುತ್ತದೆ?

ಬ್ರಿಟನ್‌ನಲ್ಲಿ ಎಳೆದೊಯ್ಯುತ್ತಿರುವ ಕ್ಯಾರವಾನ್‌ನೊಳಗೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಆಸ್ಟ್ರೇಲಿಯಾದಲ್ಲೂ ನಿಷಿದ್ಧ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಟ್ರೇಲರ್‌ನೊಳಗೆ ಜನರಿದ್ದರೆ ಎಳೆಯುವ ವಾಹನದ ಚಾಲಕನೇ ತಪ್ಪಿತಸ್ಥ.

ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಫ್ಲಾರಿಡಾದಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಚಲಿಸುವ ಹೌಸ್ ಟ್ರೇಲರ್‌ನೊಳಗೆ ಯಾರೂ ಇರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಟ್ರೇಲರ್‌ಗೆ ನಿಷೇಧ. ಫಿಫ್ತ್ ವೀಲ್‌ಗೆ ಮಾತ್ರ ಮೂರು ಷರತ್ತುಗಳ ಮೇಲೆ ವಿನಾಯಿತಿ ಇದೆ: ಕಿಟಕಿಗಳಿಗೆ ಸುರಕ್ಷತಾ ಗಾಜು, ಚಾಲಕನಿಗೆ ಸಂಕೇತ ಕೊಡುವ ಸಾಧನ, ಒಳಗಿನಿಂದಲೂ ಹೊರಗಿನಿಂದಲೂ ತೆರೆಯಬಲ್ಲ ಅಡೆತಡೆಯಿಲ್ಲದ ಬಾಗಿಲು. ಇನ್ನು ಕೆಲವು ರಾಜ್ಯಗಳು ಇದಕ್ಕಿಂತ ಸಡಿಲ.

ಎರಡು ರಾಜ್ಯ ದಾಟುವ ಪ್ರವಾಸವಾದರೆ ಎರಡರ ನಿಯಮವೂ ನಿಮಗೆ ಅನ್ವಯಿಸುತ್ತದೆ. ಆದರೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಕಾನೂನು ಬಿಟ್ಟಿದೆ ಎಂದರೆ ಸುರಕ್ಷಿತ ಎಂದರ್ಥವಲ್ಲ. ರಾಜ್ಯದ ಗಡಿಗೆ ಬಂದಾಗ ನಿಯಮ ಬದಲಾಗಬಹುದು, ಪ್ಲೈವುಡ್ ಗಟ್ಟಿಯಾಗುವುದಿಲ್ಲ.

ಹಾಗಾದರೆ ಮಾಡುವುದೇನು?

ಹಿಂದೆ ಕೂರುವ ಆಸೆ ಸುಮ್ಮನೆ ಹುಟ್ಟುವುದಿಲ್ಲ. ನೋವು, ಶೌಚ, ಮಕ್ಕಳ ಹಟ, ಸೀಟಿನ ಕೊರತೆ, ನಾಯಿಯ ಚಡಪಡಿಕೆ ಹೀಗೆ ಪ್ರತಿಯೊಂದಕ್ಕೂ ಒಂದು ನಿಜವಾದ ಕಷ್ಟ ಇರುತ್ತದೆ. ಆ ಕಷ್ಟಕ್ಕೆ ಮೊದಲೇ ಪರಿಹಾರ ಕಂಡುಕೊಂಡರೆ ಆಸೆಗೆ ಜಾಗವೇ ಉಳಿಯುವುದಿಲ್ಲ.

ಸೀಟು ಮತ್ತು ತೂಕ

1. ಬಾಡಿಗೆಗೆ ಬುಕ್ ಮಾಡುವ ಮೊದಲು ತಲೆ ಎಣಿಸಿ. ಎಷ್ಟು ತಲೆಯೋ ಅಷ್ಟು ಸೀಟ್‌ಬೆಲ್ಟ್ ಎಳೆಯುವ ವಾಹನದಲ್ಲೇ ಇರಬೇಕು. ಕ್ಯಾಂಪರ್ ‘ಎಂಟು ಜನರಿಗೆ’ ಎಂದು ಬರೆದಿದ್ದರೆ ಎಂಟು ಜನ ಮಲಗಬಹುದು ಎಂದರ್ಥ, ಪ್ರಯಾಣಿಸಬಹುದು ಎಂದಲ್ಲ.
2. ಎಳೆಯುವ ವಾಹನ ಹೊರಬಲ್ಲ ಭಾರವನ್ನು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುವ ಪಟ್ಟಿಯಲ್ಲಿ ನೋಡಿ. ಕೊಂಡಿಯ ಮೇಲಿನ ಭಾರವೂ ಆ ಲೆಕ್ಕಕ್ಕೇ ಸೇರುತ್ತದೆ. ಮಿತಿ 650 ಕಿಲೋ, ಕೊಂಡಿಯ ಭಾರ 250 ಎಂದಾದರೆ ಉಳಿಯುವುದು 400. ತಲಾ 70 ಕಿಲೋದ ಆರು ಮಂದಿ ಕೂತರೆ 420. ಚೀಲ ಇಡುವ ಮೊದಲೇ ಮಿತಿ ದಾಟಿತು.
3. ಹೀಗಾದಾಗ ದಾರಿ ಎರಡೇ. ಇನ್ನೊಂದು ಕಾರು ತೆಗೆದುಕೊಂಡು ಹೋಗಿ, ಇಲ್ಲವೆ ಬೇಕಾದಷ್ಟು ಬೆಲ್ಟ್ ಸೀಟುಗಳಿರುವ ಮೋಟರ್‌ಹೋಮ್ ಬಾಡಿಗೆಗೆ ತನ್ನಿ. ಮೋಟರ್‌ಹೋಮ್‌ನಲ್ಲೂ ವಾಹನ ಓಡುವಾಗ ಹಾಸಿಗೆ, ಅಡುಗೆಮನೆ, ಶೌಚಾಲಯ ಬಳಸುವಂತಿಲ್ಲ.

ಹಿರಿಯರಿಗೆ

1. ಕಾಲು ಚಾಚಲು ಹೆಚ್ಚು ಜಾಗವಿರುವ ಮುಂದಿನ ಸೀಟನ್ನು ಅವರಿಗೇ ಕೊಡಿ. ಸೀಟನ್ನು ಹಿಂದಕ್ಕೆ ಸರಿಸಿ, ಸೊಂಟಕ್ಕೆ ಸಣ್ಣ ದಿಂಬು ಕೊಡಿ. ಸೀಟನ್ನು ಮಂಚದಂತೆ ಪೂರ್ತಿ ಒರಗಿಸಬೇಡಿ. ಡಿಕ್ಕಿಯಾದರೆ ದೇಹ ಬೆಲ್ಟಿನ ಕೆಳಗೆ ಜಾರಿಹೋಗುತ್ತದೆ.
2. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಸಿ. ಬಹಳ ಹೊತ್ತು ಕಾಲು ಮಡಚಿ ಕೂತರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ವಯಸ್ಸಾದವರಲ್ಲಿ ಹೆಚ್ಚು. ನಡಿಗೆ ಅದಕ್ಕೂ ಒಳ್ಳೆಯದು, ಚಾಲಕನ ಕಣ್ಣಿಗೂ ಒಳ್ಳೆಯದು.
3. ಎಂಟು ಗಂಟೆಯ ದಾರಿಯನ್ನು ಎರಡು ದಿನಕ್ಕೆ ಹಂಚಿ. ಹಾಸಿಗೆ ಜೊತೆಯಲ್ಲೇ ಬರುತ್ತಿರುವಾಗ ನಡುವೆ ತಂಗುವುದು ಕಷ್ಟವೇನಲ್ಲ. ಕ್ಯಾಂಪರ್‌ನ ನಿಜವಾದ ಸೌಕರ್ಯ ಅದೇ.
4. ಶೌಚಕ್ಕೆ ಹೋಗಬೇಕೆನಿಸಿದರೆ ಸಂಕೋಚವಿಲ್ಲದೆ ಹೇಳಬೇಕೆಂದು ಹೊರಡುವಾಗಲೇ ತಿಳಿಸಿ. ನಮ್ಮ ಅಮ್ಮಂದಿರು ‘ನನ್ನಿಂದ ನಿಲ್ಲಿಸುವುದು ಬೇಡ’ ಎಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ವಿಶ್ರಾಂತಿ ತಾಣ ಅಥವಾ ಪೆಟ್ರೋಲ್ ಬಂಕಿನಲ್ಲಿ ಗಾಡಿ ಪೂರ್ತಿ ನಿಂತಮೇಲೆ ಕ್ಯಾಂಪರ್‌ನ ಶೌಚಾಲಯ ಧಾರಾಳವಾಗಿ ಬಳಸಲಿ.

ಮಕ್ಕಳಿಗೆ

1. ವಯಸ್ಸು, ಎತ್ತರ, ತೂಕಕ್ಕೆ ಹೊಂದುವ ಚೈಲ್ಡ್ ಸೀಟ್ ಎಳೆಯುವ ವಾಹನದಲ್ಲೇ ಇರಲಿ. ಕ್ಯಾಂಪರ್‌ನ ಬೆಂಚಿಗೆ ಅದನ್ನು ಕಟ್ಟಿದರೆ ಬೆಂಚಿನ ಸಮೇತ ಕಿತ್ತುಬರುತ್ತದೆ.
2. ಪುಸ್ತಕ, ಆಟಿಕೆ, ತಿಂಡಿ, ಹೊದಿಕೆ ಒಂದು ಚೀಲದಲ್ಲಿ ಕಾರಿನೊಳಗೇ ಇರಲಿ. ಬೇಕಾದದ್ದೆಲ್ಲ ಹಿಂದೆ ಉಳಿದರೆ ಮಕ್ಕಳ ಮನಸ್ಸೂ ಹಿಂದೆಯೇ ಇರುತ್ತದೆ.
3. ‘ಚಕ್ರ ತಿರುಗುವಾಗ ಮನೆಯ ಬಾಗಿಲು ಮುಚ್ಚಿರುತ್ತದೆ’ ಎಂಬ ಒಂದೇ ನಿಯಮ ಹೇಳಿಕೊಡಿ. ಕ್ಯಾಂಪ್ ಮೈದಾನದೊಳಗಿನ ನೂರು ಮೀಟರಿಗೂ ಇದು ಅನ್ವಯಿಸಲಿ. ಒಮ್ಮೆ ಸಡಿಲಿಸಿದರೆ ಅದು ನಿಯಮವಾಗಿ ಉಳಿಯುವುದಿಲ್ಲ.

ನಾಯಿ, ಬೆಕ್ಕುಗಳಿಗೆ

‘ಮನುಷ್ಯರು ಬೇಡ ಸರಿ, ನಾಯಿಯಾದರೂ ಹಿಂದೆ ಆರಾಮಾಗಿ ಇರಲಿ’ ಎನ್ನುವವರು ಬಹಳ. ಮಾತು ಬಾರದ ಪ್ರಾಣಿಗೆ ಅಪಾಯ ಇನ್ನೂ ಹೆಚ್ಚು.

ಮೊದಲನೆಯದು ಸೆಕೆ. ಕ್ಯಾಂಪರ್‌ನ ಸೂರಿನ ಮೇಲಿನ ಎ.ಸಿ. ಸಾಮಾನ್ಯವಾಗಿ ಓಡುವುದು ತಂಗುದಾಣದ ವಿದ್ಯುತ್ತಿನಿಂದ ಅಥವಾ ಜನರೇಟರ್‌ನಿಂದ. ದಾರಿಯಲ್ಲಿ ಅದು ನಿಂತಿರುತ್ತದೆ. ಮುಚ್ಚಿದ ತೆಳು ಪೆಟ್ಟಿಗೆ ಬಿಸಿಲಿನಲ್ಲಿ ಕುಲುಮೆಯಾಗುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕುತ್ತಲೇ ಅದು ಮೈ ತಂಪು ಮಾಡಿಕೊಳ್ಳಬೇಕು. ಸುತ್ತಲ ಗಾಳಿಯೇ ಬಿಸಿಯಾದಾಗ ತೇಕಿ ಪ್ರಯೋಜನವಿಲ್ಲ. ಪಗ್‌ನಂಥ ಮೊಂಡು ಮೂತಿಯ ನಾಯಿಗಳ ಪಾಡು ಇನ್ನೂ ಕಷ್ಟ.

ಎರಡನೆಯದು ಭಯ. ಕುಲುಕಾಟ, ಸದ್ದು, ಜಾರುವ ನೆಲ, ಮನೆಯವರ ದನಿ ಇಲ್ಲ. ಹೆದರಿದ ಬೆಕ್ಕು ಹಾಸಿಗೆಯ ಅಡಿಯ ಸಂದಿಗೆ, ಒಳಕ್ಕೆ-ಹೊರಕ್ಕೆ ಸರಿಯುವ ಗೋಡೆಯ ಯಂತ್ರದ ಸಂದಿಗೆ ಹೊಕ್ಕುಬಿಡುತ್ತದೆ. ತಲುಪಿದ ಮೇಲೆ ಗುಂಡಿ ಒತ್ತಿ ಆ ಗೋಡೆಯನ್ನು ಸರಿಸಿದರೆ ಏನಾಗಬಹುದೆಂದು ನೀವೇ ಊಹಿಸಿ. ಮೂರನೆಯದು, ಬಾಗಿಲು ತೆರೆದ ಕ್ಷಣ ಹೆದ್ದಾರಿಗೆ ಹಾರುವುದು.

ಹೀಗೆ ಮಾಡಿ:

1. ನಾಯಿಯನ್ನು ಎಳೆಯುವ ವಾಹನದ ಹಿಂದಿನ ಸೀಟಿನಲ್ಲಿ, ಎದೆಪಟ್ಟಿ ತೊಡಿಸಿ ಸೀಟ್‌ಬೆಲ್ಟಿಗೆ ಜೋಡಿಸಿ. ಕೊರಳ ಪಟ್ಟಿಗೆ ಎಂದೂ ಕಟ್ಟಬೇಡಿ, ಬ್ರೇಕ್ ಹಾಕಿದಾಗ ಅದು ಉರುಳಾಗುತ್ತದೆ. ದೊಡ್ಡ ವಾಹನವಾದರೆ ಹಿಂಬದಿಯಲ್ಲಿ ಗಟ್ಟಿಯಾಗಿ ಬಿಗಿದ ಪಂಜರ ಇನ್ನೂ ಒಳ್ಳೆಯದು.
2. ಬೆಕ್ಕನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆ ಜಾರದಂತೆ ಬಂದೋಬಸ್ತು ಮಾಡಿ. ಮೇಲೊಂದು ತೆಳು ಬಟ್ಟೆ ಹೊದಿಸಿದರೆ ಅದಕ್ಕೆ ಸಮಾಧಾನ. ಗಾಳಿಯಾಡುವ ಕಡೆ ಮಾತ್ರ ಮುಚ್ಚಬೇಡಿ.
3. ಡಿಕ್ಕಿ ಪರೀಕ್ಷೆಯಾದ ಪಟ್ಟಿ, ಪಂಜರಗಳನ್ನೇ ಹುಡುಕಿ. ಅಮೆರಿಕದಲ್ಲಿ ಸೆಂಟರ್ ಫಾರ್ ಪೆಟ್ ಸೇಫ್ಟಿ ಎಂಬ ಲಾಭರಹಿತ ಸಂಸ್ಥೆ ಇಂಥ ಪರೀಕ್ಷೆ ನಡೆಸುತ್ತದೆ. ಬ್ರಿಟನ್‌ನ ಹೈವೇ ಕೋಡ್‌ನ 57ನೆಯ ನಿಯಮವೂ ವಾಹನದಲ್ಲಿರುವ ಪ್ರಾಣಿಯನ್ನು ಸರಿಯಾಗಿ ಕಟ್ಟಿರಬೇಕು ಎನ್ನುತ್ತದೆ.
4. ಪ್ರವಾಸಕ್ಕೆ ಎರಡು-ಮೂರು ವಾರ ಮೊದಲೇ ಪಂಜರ, ಎದೆಪಟ್ಟಿಗಳನ್ನು ಮನೆಯಲ್ಲಿ ರೂಢಿ ಮಾಡಿಸಿ. ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ.
5. ಹೊರಡುವ ಮೂರು-ನಾಲ್ಕು ಗಂಟೆ ಮೊದಲೇ ಲಘುವಾಗಿ ಉಣಿಸಿ. ಎರಡು ಗಂಟೆಗೊಮ್ಮೆ ನೀರು, ನಡಿಗೆ. ಬಾಗಿಲು ತೆರೆಯುವ ಮೊದಲು ಹಗ್ಗ ನಿಮ್ಮ ಕೈಯಲ್ಲಿರಲಿ.
6. ನಿಮ್ಮ ಈಗಿನ ಫೋನ್ ಸಂಖ್ಯೆಯಿರುವ ಬಿಲ್ಲೆ ಹಾಕಿ. ಮೈಕ್ರೋಚಿಪ್ ಇದ್ದರೆ ಅದರ ದಾಖಲೆಯನ್ನೂ ಸರಿಪಡಿಸಿ.

ಹೊರಡುವ ಮುನ್ನ ಹತ್ತು ನಿಮಿಷ

1. ಅಡುಗೆ ಅನಿಲದ ಸಿಲಿಂಡರಿನ ಕವಾಟ ಮುಚ್ಚಿ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಕೆಲವು ಗಂಟೆ ತಂಪು ಉಳಿಯುತ್ತದೆ.
2. ಭಾರದ ಸಾಮಾನು ಕೆಳಗೆ, ಅಚ್ಚಿನ ನೇರಕ್ಕೆ ಅಥವಾ ತುಸು ಮುಂದಕ್ಕೆ ಇರಲಿ. ಹಿಂತುದಿಯಲ್ಲಿ ಭಾರ ಬೇಡ.
3. ಕೊಂಡಿಯ ಬೀಗ, ಅಡ್ಡಡ್ಡ ಹಾಕಿದ ಸುರಕ್ಷತಾ ಸರಪಳಿ, ತುರ್ತು ಬ್ರೇಕಿನ ತಂತಿ, ದೀಪಗಳು ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿ.
4. ಟೈರಿನ ಗಾಳಿಯನ್ನು ಮೀಟರ್ ಇಟ್ಟು ಅಳೆಯಿರಿ. ಒದ್ದು ನೋಡುವುದು ಪರೀಕ್ಷೆಯಲ್ಲ.
5. ಒಳಗೆ ಹೋಗಿ ಹಾಸಿಗೆ, ಶೌಚಾಲಯ, ಬೆಂಚಿನ ಕೆಳಗೆಲ್ಲ ಇಣುಕಿ. ನಿದ್ದೆ ಹೋದ ಮಗು, ಅಡಗಿದ ಬೆಕ್ಕು ಇಲ್ಲವೆಂದು ಕಣ್ಣಾರೆ ನೋಡಿ.
6. ಆಮೇಲೆ ಬಾಗಿಲಿಗೆ ಬೀಗ. ಕಾರಿನಲ್ಲಿ ಕೂತು ಗಟ್ಟಿಯಾಗಿ ತಲೆ ಎಣಿಸಿ. ಎಣಿಕೆ ಸರಿಹೋದ ಮೇಲಷ್ಟೇ ಗಾಡಿ ಹೊರಡಲಿ. ನಡುವೆ ನಿಲ್ಲಿಸಿದಾಗಲೂ ಹೀಗೆಯೇ.

ದಾರಿಯಲ್ಲಿ ವೇಗದ ಮೇಲೆ ಹಿಡಿತವಿರಲಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನದ ಗರಿಷ್ಠ ವೇಗ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ಬ್ರಿಟನ್‌ನಲ್ಲಿ ಮೋಟರ್‌ವೇ ಮೇಲೆ 60 ಮೈಲಿ, ಸಾಮಾನ್ಯ ಒಂಟಿ ರಸ್ತೆಯಲ್ಲಿ 50. ಟ್ರೇಲರ್ ಓಲಾಡತೊಡಗಿದರೆ ಕಾಲಿನ ಬ್ರೇಕ್ ಜೋರಾಗಿ ಒತ್ತಬೇಡಿ, ವೇಗ ಹೆಚ್ಚಿಸಿ ಪಾರಾಗಲೂ ನೋಡಬೇಡಿ. ಸ್ಟಿಯರಿಂಗ್ ನೇರವಾಗಿ ಹಿಡಿದು ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಿರಿ. ಟ್ರೇಲರ್‌ಗೆ ಪ್ರತ್ಯೇಕ ಬ್ರೇಕ್ ನಿಯಂತ್ರಕವಿದ್ದರೆ ಅದನ್ನಷ್ಟೇ ಹಗುರಾಗಿ ಒತ್ತಿ. ಗಾಡಿ ಹತೋಟಿಗೆ ಬಂದಮೇಲೆ ಪಕ್ಕದಲ್ಲಿ ನಿಲ್ಲಿಸಿ, ಭಾರ ಎಲ್ಲಿ ಸರಿದಿದೆ ನೋಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ‘ಹತ್ತೇ ಕಿಲೋಮೀಟರ್ ತಾನೇ?’ ಡಿಕ್ಕಿಗೆ ದೂರದ ಲೆಕ್ಕವಿಲ್ಲ. ಹಿಂದಿನಿಂದ ಬರುವ ಲಾರಿಗೆ ನಿಮ್ಮದು ಸಣ್ಣ ಪ್ರಯಾಣವೆಂದು ಗೊತ್ತಿರುವುದಿಲ್ಲ.
2. ‘ಒಳಗೆ ಮೊಬೈಲ್, ಕ್ಯಾಮೆರಾ ಇದೆ, ನೋಡಿಕೊಳ್ಳುತ್ತೇವೆ.’ ಕ್ಯಾಮೆರಾ ಅಪಾಯವನ್ನು ತೋರಿಸೀತು, ತಡೆಯಲಾರದು. ಗುಡ್ಡಗಾಡಿನಲ್ಲಿ ಸಿಗ್ನಲ್ಲೂ ಇರುವುದಿಲ್ಲ. ಮೇಲಾಗಿ ಚಾಲಕನ ಕಣ್ಣು ಪರದೆಗೆ ಹೋಗುತ್ತದೆ.
3. ಓಡುವ ಗಾಡಿಯಲ್ಲಿ ಚಹಾ ಕಾಯಿಸುವುದು, ಅನ್ನ ಬಿಸಿ ಮಾಡುವುದು. ಬೆಂಕಿ, ಕುದಿಯುವ ನೀರು, ಅನಿಲ ಮೂರೂ ಕುಲುಕಾಡುವ ಜಾಗದಲ್ಲಿ ಒಟ್ಟಿಗೆ ಸೇರಿದಂತೆ. ಫ್ಲಾಸ್ಕ್ ತುಂಬಿಕೊಂಡು ಹೊರಡಿ.
4. ಬೆಂಚಿಗೆ ತಾವೇ ಬೆಲ್ಟ್ ಜೋಡಿಸುವುದು. ಬೆಲ್ಟಿನ ಬಲ ಅದನ್ನು ಬಿಗಿದ ಚೌಕಟ್ಟಿನಲ್ಲಿದೆ. ಪ್ಲೈವುಡ್ಡಿಗೆ ಬಿಗಿದ ಬೆಲ್ಟ್ ಸುಳ್ಳು ಧೈರ್ಯ ಕೊಡುತ್ತದೆ, ಅಷ್ಟೇ.
5. ‘ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಲ್ಲ.’ ಅದು ತಂಗಿದಾಗಿನ ರಕ್ಷಣೆಗೆ ಅತ್ಯಗತ್ಯ. ಓಡುವಾಗ ಅದು ಕೂಗಿದರೂ ಗಾಡಿ ನಿಲ್ಲಿಸಬೇಕಾದವರ ಕಿವಿಗೆ ಬೀಳುವುದಿಲ್ಲ.
6. ತಂಗಿದಾಗ ನಾಯಿಯನ್ನು ಕ್ಯಾಂಪರ್‌ನಲ್ಲಿ ಬಿಟ್ಟು ದಿನವಿಡೀ ಸುತ್ತಲು ಹೋಗುವುದು. ಕರೆಂಟು ಹೋಗಿ ಎ.ಸಿ. ನಿಂತರೆ ಒಳಗಿನ ಶಾಖ ಬೇಗನೆ ಏರುತ್ತದೆ. ಒಬ್ಬರಾದರೂ ಹತ್ತಿರವಿರಿ.

ಫಿಫ್ತ್ ವೀಲ್‌ನಲ್ಲಿ ಅನುಮತಿ ಇದ್ದರೆ?

ನನ್ನ ಸಲಹೆ ಆಗಲೂ ‘ಬೇಡ’ ಎಂಬುದೇ. ಅದರ ಕೊಂಡಿ ಹೆಚ್ಚು ಸ್ಥಿರ, ಓಲಾಟ ಕಡಿಮೆ, ನಿಜ. ಆದರೆ ಬೆಲ್ಟ್, ಗೋಡೆ, ಹೊಗೆ ಇವುಗಳ ವಿಷಯದಲ್ಲಿ ಅದು ಟ್ರಾವೆಲ್ ಟ್ರೇಲರ್‌ಗಿಂತ ಮೇಲಲ್ಲ. ಪಿಕಪ್ ಕೆಟ್ಟು ಎಲ್ಲರನ್ನೂ ಬೇರೆಡೆಗೆ ಸಾಗಿಸಲೇಬೇಕಾದ ಸ್ಥಿತಿ ಬಂದರೂ ಯಾರನ್ನೂ ಟ್ರೇಲರ್‌ಗೆ ಹತ್ತಿಸದೆ ರಸ್ತೆ ಸಹಾಯಕ್ಕೆ ಕರೆ ಮಾಡಿ, ಟ್ಯಾಕ್ಸಿ ತರಿಸಿ. ಬಾಡಿಗೆಯ ಕರಾರನ್ನೂ ವಿಮೆಯ ಪಾಲಿಸಿಯನ್ನೂ ಮೊದಲೇ ಓದಿ. ಹಿಂದೆ ಜನ ಕೂರುವುದನ್ನು ನಿಷೇಧಿಸುವ ಸಾಲು ಅಲ್ಲಿದ್ದರೆ, ಅಪಘಾತದ ಮೇಲೆ ಪರಿಹಾರವೂ ಸಿಗದೆ ಹೋಗಬಹುದು.

ನಮ್ಮೂರಿನ ಟ್ರೇಲರ್

ಇದನ್ನು ಓದುತ್ತಿರುವ ನಿಮ್ಮ ಮನೆಯವರು ಯಾರೂ ಹೊರದೇಶದಲ್ಲಿ ಇಲ್ಲದಿರಬಹುದು. ಆದರೆ ಜಾತ್ರೆಗೆ, ದಿಬ್ಬಣಕ್ಕೆ, ಕಬ್ಬು ಕಡಿಯಲು ಟ್ರ್ಯಾಕ್ಟರ್ ಟ್ರೇಲರ್ ಹತ್ತಿ ಹೋಗುವುದನ್ನು ನೋಡದ ಹಳ್ಳಿ ಕರ್ನಾಟಕದಲ್ಲಿಲ್ಲ. ಅದೂ ಸಾಮಾನಿಗೆಂದೇ ಮಾಡಿದ ಗಾಡಿ. ಬೆಲ್ಟ್ ಇಲ್ಲ, ಸೂರಿಲ್ಲ. ಹಿಂದೆ ಜನ ಒತ್ತೊತ್ತಾಗಿ ನಿಂತರೆ ಅದೇ ಹಿಂಭಾರ. ಏರಿಯ ಮೇಲೆ, ಕಾಲುವೆ ದಂಡೆಯ ತಿರುವಿನಲ್ಲಿ ಪಲ್ಟಿಯಾದಾಗ ಜನ ಅದರ ಅಡಿಗೇ ಸಿಕ್ಕಿಬೀಳುತ್ತಾರೆ. ಕ್ಯಾಂಪರ್‌ಗೆ ಹೇಳಿದ ಭೌತಶಾಸ್ತ್ರವೇ ಇಲ್ಲಿಗೂ ಅನ್ವಯಿಸುತ್ತದೆ. ಮದುವೆಯ ಖರ್ಚಿನಲ್ಲಿ ಒಂದು ಬಸ್ಸಿನ ಬಾಡಿಗೆಯನ್ನು ಮೊದಲೇ ಬರೆದಿಡಿ.

ಮತ್ತೆ ಆ ಅಮ್ಮನ ಬಳಿಗೆ ಬರೋಣ. ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, ಒಂದೂವರೆ ಗಂಟೆಗೊಮ್ಮೆ ಇಳಿದು ನಡೆದು, ದಾರಿಯಲ್ಲಿ ಒಂದು ರಾತ್ರಿ ತಂಗಿ, ಎರಡನೆಯ ದಿನ ಅವರು ಯೆಲ್ಲೋಸ್ಟೋನ್ ತಲುಪುತ್ತಾರೆ. ಮಗ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡೆ ಕೊಟ್ಟು, ಬೀಗ ತೆಗೆದು ಮೆಟ್ಟಿಲು ಇಳಿಸುತ್ತಾನೆ. ಈಗ ಅದು ಮನೆ. ಅಮ್ಮ ಒಳಗೆ ಹೋಗಿ ಹಾಸಿಗೆಯ ಮೇಲೆ ಕಾಲು ನೀಡಲಿ, ಒಲೆ ಹಚ್ಚಿ ಕಾಫಿ ಇಡಲಿ.